ಬಿಟ್ಟ ಸ್ಥಳದ ಪಾಠ

ಬಿ.ಎಸ್ಸಿ. ಬಿ.ಎಡ್. ಮುಗಿದ ಮೇಲೆ ಹೊರದೇಶದಲ್ಲಿ ಓದುವ ಆಸೆಯಿಂದ ಜಿಆರ್‌ಇ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಅದರ ವರ್ಬಲ್ ವಿಭಾಗದಲ್ಲಿ 41 ನಿಮಿಷಕ್ಕೆ 27 ಪ್ರಶ್ನೆಗಳು. ಹಗಲು ಬೋಧನಾಭ್ಯಾಸ, ರಾತ್ರಿ ಇಂಗ್ಲಿಷ್ ಪದಪಟ್ಟಿ. ಕನ್ನಡ ಮಾಧ್ಯಮದಿಂದ ಬಂದ ನನಗೆ ಆ ಪಟ್ಟಿಯೇ ಬೆಟ್ಟವೆನಿಸಿತ್ತು. ಅಭ್ಯಾಸ ಮಾಡುತ್ತಾ ಹೋದಂತೆ ಒಂದು ವಿಷಯ ತಿಳಿಯಿತು: ಬಿಟ್ಟ ಸ್ಥಳಕ್ಕೆ ಯಾವ ಪದ ಸಲ್ಲುತ್ತದೆಂದು ಸುಳಿವು ಕೊಡುವುದು ‘ಆದರೂ’, ‘ಆದ್ದರಿಂದ’ ಎನ್ನುವ ಅರ್ಥದ ಸಣ್ಣ ಪದಗಳು. ಈಗ ಆಯ್ಕೆಗಳನ್ನು ಮುಚ್ಚಿಟ್ಟು, ವಾಕ್ಯ ಓದಿ, ಮೊದಲು ಕನ್ನಡದಲ್ಲೇ ಉತ್ತರ ಯೋಚಿಸುತ್ತೇನೆ.

ಇದನ್ನೇ ಎಂಟನೆಯ ತರಗತಿಯ ವಿಜ್ಞಾನ ಪಾಠಕ್ಕೆ ತಂದೆ. ‘ಮಂಜುಗಡ್ಡೆ ಘನವಸ್ತು, ______ ಅದು ನೀರಿನಲ್ಲಿ ತೇಲುತ್ತದೆ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹಲವರು ‘ಆದ್ದರಿಂದ’ ಎಂದರು. ಘನವಾಗಿರುವುದೇ ತೇಲಲು ಕಾರಣವೆಂದು ಅವರು ತಿಳಿದಿದ್ದರು. ‘ಹಾಗಾದರೆ ಕಲ್ಲು?’ ಎಂದೆ. ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಆದರೂ ಬರಬೇಕು ಮಿಸ್’ ಎಂದಳು. ಸಾಂದ್ರತೆಯ ಪಾಠ ಅಲ್ಲಿಂದ ಶುರುವಾಯಿತು.

ಪಾರಿಭಾಷಿಕ ಪದವನ್ನು ಬಿಟ್ಟು ಕೇಳಿದರೆ ಮಗುವಿನ ನೆನಪು ಗೊತ್ತಾಗುತ್ತದೆ. ಜೋಡಿಸುವ ಪದವನ್ನು ಬಿಟ್ಟು ಕೇಳಿದರೆ ಅದರ ತಿಳಿವಳಿಕೆ ಕಾಣುತ್ತದೆ. ನನ್ನ ಅಂಕ ಎಷ್ಟೇ ಬರಲಿ, ಮುಂದಿನ ಘಟಕ ಪರೀಕ್ಷೆಗೆ ಇಂಥ ಎರಡು ಪ್ರಶ್ನೆ ಸೇರಿಸಿದ್ದೇನೆ.