ಸಿಂಧನೂರು, ಮಸ್ಕಿ, ಲಿಂಗಸುಗೂರು: ಶಾಲೆ ತೆರೆಯುವ ಮುಂಚಿನ ಹತ್ತು ದಿನ

ಮೇ ತಿಂಗಳ ಮೂರನೇ ವಾರ ಬಂತಂದ್ರೆ ನಮ್ಮ ಕಡೆ ಎರಡೇ ಮಾತು. ಮಳಿ ಯಾವಾಗ? ಸಾಲಿ ಯಾವಾಗ? ಮಳೆಗೆ ಯಾರೂ ತಾರೀಖು ಕೊಡಲ್ಲ. ಶಾಲೆಗೆ ಮಾತ್ರ ತಾರೀಖು ಪಕ್ಕಾ. 2024ರಲ್ಲೂ 2025ರಲ್ಲೂ ನಮ್ಮ ಸರ್ಕಾರಿ ಶಾಲೆಗಳ ಬಾಗಿಲು ತೆರೆದದ್ದು ಮೇ 29ಕ್ಕೆ.

ನಾನು ಮಸ್ಕಿ ತಾಲ್ಲೂಕಿನ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಗಂಡನ ಮನೆ ಸಿಂಧನೂರು, ತವರು ಲಿಂಗಸುಗೂರು. ಈ ಮೂರೂ ಊರು ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಸಾಲಾಗಿ ಇವೆ. ಸಿಂಧನೂರಿಂದ ಲಿಂಗಸುಗೂರಿಗೆ 50 ಚಿಲ್ಲರೆ ಕಿಲೋಮೀಟರ್, ಮಸ್ಕಿ ಹೆಚ್ಚುಕಮ್ಮಿ ನಡುವೆ. ಸಂಸಾರ, ನೌಕರಿ, ತವರು ಮೂರೂ ಒಂದೇ ಬಸ್ಸಿನ ದಾರಿಯಲ್ಲಿ ಸಿಕ್ಕಿರೋದು ನನ್ನ ಪುಣ್ಯ ಅಂತ ಸಹೋದ್ಯೋಗಿಗಳು ಅಂತಾರೆ. ನಿಜ. ಆದರೆ ಶಾಲೆ ತೆರೆಯುವ ಮುಂಚಿನ ಹತ್ತು ದಿನ ಈ ಮೂರೂ ಊರು ಒಟ್ಟಿಗೆ ಕರೀತವೆ.

ಹೋದ ವರ್ಷ ಆ ಹತ್ತು ದಿನ ಹೇಗೆ ಕಳೆದವು ಅನ್ನೋದನ್ನು ಬರೀತಿದ್ದೀನಿ. ನೀವು ಶಿಕ್ಷಕರಲ್ಲದಿದ್ದರೂ ರಜೆ ಮುಗಿಯೋ ಮೊದಲೇ ತಲೆಯೊಳಗೆ ಆಫೀಸು ಶುರುವಾಗೋ ಕಷ್ಟ ನಿಮಗೂ ಗೊತ್ತಿರುತ್ತೆ.

ಸಿಂಧನೂರು: ಪಟ್ಟಿ ಹಿಡಿದು ಪೇಟೆಗೆ

ಸಿಂಧನೂರು ಅಂದ್ರೆ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಈ ಊರಿನ ಚಹರೆಯೇ ಬದಲಾಯಿತು. ಆಂಧ್ರದಿಂದ ರೈತರು ಬಂದು ಕ್ಯಾಂಪ್ ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲೇ ಆರ್.ಎಚ್. ಕ್ಯಾಂಪ್‌ಗಳಲ್ಲಿ ನೆಲೆ ಕೊಟ್ಟಿತು. ಹಾಗಾಗಿ ಸಿಂಧನೂರಿನ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ತೆಲುಗು, ಉರ್ದು, ಲಂಬಾಣಿ, ಬಂಗಾಳಿ ಎಲ್ಲಾ ಕಿವಿಗೆ ಬೀಳುತ್ತೆ. ಇಲ್ಲಿನ ಶಾಲೆಗಳಲ್ಲೂ ಹಾಗೇ. ಒಂದೇ ಬೆಂಚಿನ ಮೂವರು ಮಕ್ಕಳು ಮನೆಯಲ್ಲಿ ಮೂರು ಭಾಷೆ ಆಡ್ತಾರೆ.

ಮೇ ತಿಂಗಳಲ್ಲಿ ಕಾಲುವೆ ಒಣಗಿರುತ್ತೆ, ಗದ್ದೆ ಖಾಲಿ. ಪೇಟೆ ಮಾತ್ರ ತುಂಬಿರುತ್ತೆ. ನನ್ನ ಕೈಯಲ್ಲಿ ಎರಡು ಪಟ್ಟಿ. ಒಂದು ಮಗನದು: ಬ್ಯಾಗು, ಬೂಟು, ನೋಟ್‌ಬುಕ್, ಬೈಂಡಿಂಗ್ ಕಾಗದ. ಇನ್ನೊಂದು ಶಾಲೆಯದು: ಚಾರ್ಟ್, ಬಣ್ಣ, ಸ್ಕೆಚ್ ಪೆನ್, ಗೋಂದು. ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರದಿಂದ ಬರುತ್ತೆ. ಗೋಡೆಗೆ ಬೇಕಾದ ಚಿಕ್ಕಪುಟ್ಟ ವಸ್ತು ನಾವೇ ತರ್ತೀವಿ.

ಪಟ್ಟಿಯಲ್ಲಿ ಇಲ್ಲದ ಕೆಲಸ ಇನ್ನೂ ಇವೆ. ನೀರಿನ ಟ್ಯಾಂಕ್ ತೊಳೆಸಬೇಕು. ಬಿಸಿಯೂಟದ ಅಕ್ಕಿ-ಬೇಳೆಗೆ ಹುಳ ಬಿದ್ದಿದೆಯಾ ನೋಡಬೇಕು. ಹೊಸ ದಾಖಲಾತಿಗೆ ಮನೆ ಮನೆ ತಿರುಗಬೇಕು. ಮೊದಲ ವಾರಗಳ ಸೇತುಬಂಧಕ್ಕೆ ಪ್ರಶ್ನೆ ತಯಾರು ಮಾಡಬೇಕು. ಪ್ರಾರಂಭೋತ್ಸವಕ್ಕೆ ತಳಿರು ತೋರಣ, ಸಿಹಿಯೂಟ. ಇದರ ಮಧ್ಯೆ ವಾಟ್ಸ್ಆ್ಯಪ್ ಗುಂಪಿನಲ್ಲಿ ರಾತ್ರಿ ಹತ್ತಕ್ಕೂ ಒಂದು ಫಾರ್ಮ್ಯಾಟ್ ಬಂದು ಬೀಳುತ್ತೆ.

ಹೋದ ವರ್ಷ ಇದೆಲ್ಲದರ ಜೊತೆಗೆ ಇನ್ನೊಂದು ತೊಡಕಿತ್ತು. ಮಾರ್ಚ್‌ನಲ್ಲಿ ನನ್ನ ದನಿ ಕೂತಿತು. ಮೊದಲು ಶೀತ ಅಂದ್ಕೊಂಡೆವು. ಮೂರು ವಾರ ಆದರೂ ಸರಿಹೋಗಲಿಲ್ಲ. ಕಿವಿ-ಮೂಗು-ಗಂಟಲಿನ ವೈದ್ಯರು ನೋಡಿ, ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ, ಶಿಕ್ಷಕರಿಗೂ ಹಾಡುಗಾರರಿಗೂ ಇದು ಸಾಮಾನ್ಯ ಅಂದರು. ಔಷಧಿಗಿಂತ ಅಭ್ಯಾಸ ಬದಲಾಗಬೇಕು. ಗದ್ದಲದ ಮೇಲೆ ಕೂಗಬಾರದು. ಗುಟುಕು ಗುಟುಕಾಗಿ ನೀರು ಕುಡೀತಿರಬೇಕು. ನಿದ್ದೆ ಬೇಕು. ಪಿಸುಮಾತೂ ಬೇಡ, ಅದರಿಂದಲೂ ಗಂಟಲಿಗೆ ಒತ್ತಡ ಬೀಳುತ್ತೆ ಅಂದಾಗ ನನಗೆ ಆಶ್ಚರ್ಯ ಆಯ್ತು. "ಜೂನ್‌ನಲ್ಲಿ ಹಿಂದಿನ ಹಂಗೇ ಶುರು ಮಾಡಿದ್ರೆ ಆಪರೇಷನ್ ಮಾತಾಡಬೇಕಾಗ್ತದ ನೋಡ್ರಿ ಮೇಡಂ" ಅಂತ ಎಚ್ಚರಿಸಿದರು.

ಒಂದೇ ಕೋಣೆಯಲ್ಲಿ ಎರಡು ತರಗತಿ ನೋಡಿಕೊಳ್ಳೋ ನಮ್ಮಂಥವರಿಗೆ ದನಿಯೇ ಬಂಡವಾಳ. ಆದ್ದರಿಂದ ಈ ಸಲ ಶಾಲೆಯ ಪಟ್ಟಿಯಲ್ಲೇ ನನ್ನ ಗಂಟಲಿಗೂ ಒಂದು ಸಾಲು ಕೊಟ್ಟೆ. ಚಾರ್ಟ್, ಬಣ್ಣ, ಗೋಂದು, ಅದರ ಕೆಳಗೆ "ಮಧ್ಯಾಹ್ನ ಒಂದು ತಾಸು ಮೌನ." ಅಂಗಡಿಯವನು ಪಟ್ಟಿ ಓದಿ, "ಇದು ನಮ್ಮಲ್ಲಿ ಸಿಗಂಗಿಲ್ರಿ ಟೀಚರ್" ಅಂತ ನಕ್ಕ.

ಮಸ್ಕಿ: ಬಂಡೆಯ ಮೇಲಿನ ಪಾಠ

ಬೇಸಿಗೆಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಬಿಸಿಲು 40 ಡಿಗ್ರಿ ದಾಟಿದಾಗ ಬೇರೆ ದಾರಿ ಇಲ್ಲ. ನಾವೂ ಅದೇ ವೇಳೆ ಹಿಡಿದೆವು. ಮುಖ್ಯಗುರುಗಳು, ನಾವು ಮೂವರು ಶಿಕ್ಷಕರು ಕೂತು ಕೆಲಸ ಹಂಚಿಕೊಂಡೆವು. ಟ್ಯಾಂಕು, ಅಡುಗೆಕೋಣೆ ಒಬ್ಬರಿಗೆ. ಫಾರ್ಮ್ಯಾಟುಗಳು ಒಬ್ಬರಿಗೆ. ಮನೆ ಭೇಟಿ ನನಗೆ, ಯಾಕಂದ್ರೆ ಅದಕ್ಕೆ ಕೂಗೋದು ಬೇಕಿಲ್ಲ, ಕಟ್ಟೆ ಮೇಲೆ ಕೂತು ಕೇಳಿಸಿಕೊಂಡರೆ ಸಾಕು.

ಬೆಳಿಗ್ಗೆ ಮೊದಲ ಬಸ್ಸಿಗೆ ಮಸ್ಕಿ ಇಳಿದರೆ ಹಳ್ಳಿಯ ಆಟೋಕ್ಕೆ ಇನ್ನೂ ಮುಕ್ಕಾಲು ತಾಸು ಇರುತ್ತೆ. ಆ ಹೊತ್ತು ನನ್ನದು ಅಂತ ಇಟ್ಟುಕೊಂಡೆ. ಒಂದಿನ ಮಲ್ಲಿಕಾರ್ಜುನನ ಬೆಟ್ಟದ ಮೆಟ್ಟಿಲು ಹತ್ತಿದೆ. ಇನ್ನೊಂದಿನ ಅಶೋಕನ ಶಾಸನದ ಬಂಡೆಯ ಹತ್ತಿರ ಹೋಗಿ ಸುಮ್ಮನೆ ಕೂತೆ.

ಈ ಬಂಡೆಯ ಕಥೆ ನಮ್ಮ ಮಕ್ಕಳಿಗೆ ಪ್ರತಿ ವರ್ಷ ಹೇಳ್ತೀನಿ. 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತಾ ಇಲ್ಲಿ ಬಂದ. ಸಿಕ್ಕಿದ್ದು ಬ್ರಾಹ್ಮಿ ಲಿಪಿಯ ಶಾಸನ. ಅದಕ್ಕಿಂತ ಮೊದಲು ಸಿಕ್ಕ ಶಾಸನಗಳಲ್ಲೆಲ್ಲ ರಾಜನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಕರೆದಿದ್ದರು. ಆ ರಾಜ ಅಶೋಕನೇ ಅನ್ನೋದು ವಿದ್ವಾಂಸರ ಊಹೆ. ಮಸ್ಕಿಯ ಬಂಡೆಯಲ್ಲಿ ಅಶೋಕ ಅನ್ನೋ ಹೆಸರು ನೇರವಾಗಿ ಇತ್ತು. ಊಹೆಗೆ ಸಾಕ್ಷಿ ಸಿಕ್ಕಿತು. ಆಮೇಲೆ ಇದೇ ಹೆದ್ದಾರಿ ಮುಂದೆ ಹಾಯುವ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು.

ಹೆಸರಿನ ಕಥೆ ಎಲ್ಲರಿಗೂ ಗೊತ್ತು. ಶಾಸನ ಹೇಳೋ ಮಾತು ಅಷ್ಟು ಮಂದಿಗೆ ಗೊತ್ತಿಲ್ಲ. ಧರ್ಮದಲ್ಲಿ ಪ್ರಯತ್ನ ಪಟ್ಟರೆ ಸಾಮಾನ್ಯನಿಗೂ ಎತ್ತರದ ಫಲ ಸಿಗುತ್ತೆ, ಅದು ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಅನ್ನೋದು ಅದರ ಸಾರಾಂಶ. ಸರ್ಕಾರಿ ಶಾಲೆಯ ಶಿಕ್ಷಕಿಗೆ ಇದಕ್ಕಿಂತ ಹತ್ತಿರದ ಆದೇಶ ಬೇರೆ ಯಾವುದಿದೆ?

ಆದರೆ ತಿಳಿಸೋದಕ್ಕೆ ಮಕ್ಕಳು ಊರಲ್ಲಿ ಇರಬೇಕಲ್ಲ. ನಮ್ಮ ಭಾಗದ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಗುಳೆ ಹೋಗ್ತವೆ. ಹೆಚ್ಚಿನವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಮಕ್ಕಳೂ ಜೊತೆಗೆ. ನನ್ನ ಪಟ್ಟಿಯಲ್ಲಿ ಅಂಥ ಹನ್ನೊಂದು ಹೆಸರು ಇದ್ದವು. ಆರನೇ ತರಗತಿಗೆ ಬರಬೇಕಾದ ಒಬ್ಬ ಹುಡುಗಿಯ ಮನೆಗೆ ಹೋದೆ. ಅಜ್ಜಿ ಒಬ್ಬರೇ ಇದ್ದರು.

"ಕಾರಹುಣ್ಣಿಮಿಗೆ ಬರ್ತಾರ್ರಿ ಟೀಚರ್. ಮಳಿ ಬಿದ್ರ ಬಿತ್ತಾಕ ಬರಲೇಬೇಕಲ್ರಿ."

"ಬೀಳಲಿಲ್ಲ ಅಂದ್ರ, ಯಮ್ಮಾ?"

ಅಜ್ಜಿ ಆಕಾಶದ ಕಡೆ ಕೈ ತೋರಿಸಿದರು ಅಷ್ಟೇ. ಫೋನ್ ನಂಬರ್ ಕೊಟ್ಟರು. ಸಂಜೆ ಹಚ್ಚಿದೆ. ಹುಡುಗಿಯೇ ಎತ್ತಿದಳು. ಹಿಂದೆ ಕಾಂಕ್ರೀಟ್ ಮಷೀನಿನ ಸದ್ದು. "ಟೀಚರ್, ನನ್ನ ಪುಸ್ತಕ ಯಾರಿಗೂ ಕೊಡಬ್ಯಾಡ್ರಿ, ತಗದಿಡ್ರಿ" ಅಂದಳು. ತೆಗೆದಿಡ್ತೀನಿ ಅಂದೆ. ಅದಕ್ಕಿಂತ ಹೆಚ್ಚು ಮಾತಾಡೋಕೆ ಗಂಟಲೂ ಬಿಡಲಿಲ್ಲ, ಆ ಸದ್ದೂ ಬಿಡಲಿಲ್ಲ.

ಲಿಂಗಸುಗೂರು: ಮಾಳಿಗೆ ಮೇಲಿನ ನಿದ್ದೆ

ಮೇ 25ಕ್ಕೆ ಲಿಂಗಸುಗೂರಿಗೆ ಹೋದೆ. ಕೆಲಸ ಅಂತ ಏನೂ ಇರಲಿಲ್ಲ, ಅದಕ್ಕೇ ಹೋದೆ. ಮಸ್ಕಿ ದಾಟಿದ ಮೇಲೆ ರಸ್ತೆಯ ಬಣ್ಣ ಬದಲಾಗುತ್ತೆ. ಭತ್ತದ ಸೀಮೆ ಹಿಂದೆ ಉಳಿದು, ಮಳೆ ನಂಬಿದ ತೊಗರಿ, ಸಜ್ಜೆ, ಹತ್ತಿಯ ಹೊಲಗಳು ಬರ್ತವೆ. ನಡುನಡುವೆ ಬಂಡೆಗುಡ್ಡ.

ಲಿಂಗಸುಗೂರಿಗೆ ಹಳಬರು ಇಂದಿಗೂ ಛಾವಣಿ ಅಂತಾರೆ. ಹಿಂದೆ ಇಲ್ಲಿ ಸೈನ್ಯದ ಛಾವಣಿ ಇತ್ತು. ನಿಜಾಮರ ಕಾಲದಲ್ಲಿ ಇದು ಜಿಲ್ಲಾ ಕೇಂದ್ರವೂ ಹೌದು, 1905ರಲ್ಲಿ ಆ ಜಿಲ್ಲೆ ರದ್ದಾಯಿತು. ಹಟ್ಟಿಯ ಚಿನ್ನದ ಗಣಿ, ಮುದಗಲ್ ಕೋಟೆ, ಕೃಷ್ಣಾ ನದಿಯ ಜಲದುರ್ಗ ಎಲ್ಲಾ ಈ ತಾಲ್ಲೂಕಿನಲ್ಲೇ ಇವೆ. ನನಗೆ ಮಾತ್ರ ಲಿಂಗಸುಗೂರು ಅಂದ್ರೆ ಅವ್ವನ ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ, ಮತ್ತೆ ರಾತ್ರಿ ಮಾಳಿಗೆ ಮೇಲೆ ಹಾಸಿಗೆ.

ಅಲ್ಲೂ ನಾನು ಸೇತುಬಂಧದ ಹಾಳೆ ತೆಗೆದು ಕೂತದ್ದು ನೋಡಿ ಅವ್ವ ಬೈದಳು. "ರಂಟಿ ಹೊಡದ ಮ್ಯಾಲ ಹೊಲಾನ ಬಿಸಲಿಗೆ ಬಿಡಂಗಿಲ್ಲೇನು? ಹೊಡದ ದಿನಾನ ಬಿತ್ತಿದ್ರ ಏನ್ ಬೆಳೀತದ? ಸುಮ್ನ ಬಿಡೂದೂ ಒಂದು ಕೆಲಸ ಐತಿ ತಂಗಿ. ಮಕ್ಕೋ."

ಫೋನನ್ನು ಕೆಳಗೆ ಅಡುಗೆಮನೆಯಲ್ಲೇ ಬಿಟ್ಟು ಮೇಲೆ ಹೋದೆ. ಒಂಬತ್ತಕ್ಕೆ ಮಲಗಿ ಆರಕ್ಕೆ ಎದ್ದೆ. ಮಾರ್ಚ್‌ನಿಂದ ಅಷ್ಟು ನಿದ್ದೆ ಮಾಡಿರಲಿಲ್ಲ. ಬೆಳಿಗ್ಗೆ ನೋಡಿದರೆ ಗುಂಪಿನಲ್ಲಿ ಹದಿನಾಲ್ಕು ಸಂದೇಶ. ಹನ್ನೆರಡು "ಶುಭೋದಯ". ಉಳಿದ ಎರಡಕ್ಕೆ ಹತ್ತು ನಿಮಿಷ ಸಾಕಾಯಿತು.

ಮೇ 29, ಆಮೇಲೆ

ಬಾಗಿಲಿಗೆ ಮಾವಿನ ತೋರಣ, ಮಕ್ಕಳ ಕೈಯಲ್ಲಿ ಹೂವು, ಬಿಸಿಯೂಟಕ್ಕೆ ಪಾಯಸ. 2002ರಲ್ಲಿ ರಾಜ್ಯದಲ್ಲಿ ಬಿಸಿಯೂಟ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಊಟದ ಗಂಟೆಗೆ ಮಕ್ಕಳ ಮುಖ ನೋಡಿದರೆ ಅದು ಯಾಕೆ ಇಲ್ಲಿಂದಲೇ ಶುರುವಾಯಿತು ಅಂತ ಗೊತ್ತಾಗುತ್ತೆ.

ತರಗತಿಯಲ್ಲಿ ಕೂಗುವ ಬದಲು ಮೂರು ಚಪ್ಪಾಳೆಯ ಗುರುತು ಇಟ್ಟೆ. ಚಪ್ಪಾಳೆ ಕೇಳಿದರೆ ಎಲ್ಲರೂ ಚಪ್ಪಾಳೆ ತಟ್ಟಿ ಸುಮ್ಮನಾಗಬೇಕು. ಪಾಠವನ್ನು ಸರದಿಯಂತೆ ಮಕ್ಕಳೇ ಗಟ್ಟಿಯಾಗಿ ಓದ್ತಾರೆ, ನಾನು ಅವರ ಮಧ್ಯೆ ನಡೆದು ತಿದ್ತೀನಿ. ಮೇಜಿನ ಮೇಲೆ ನೀರಿನ ಬಾಟಲಿ. ನಾನು ಕುಡಿಯೋದು ಮರೆತರೆ ಮುಂದಿನ ಬೆಂಚಿನ ಹುಡುಗರೇ ನೆನಪಿಸ್ತಾರೆ, "ಟೀಚರ್, ನೀರು!" ಊಟದ ಬಿಡುವಿನ ತಾಸಿನಲ್ಲಿ ಮೌನ ಮಾತ್ರ ದಿನಾ ಸಿಗಲ್ಲ. ವಾರದಲ್ಲಿ ಮೂರು ದಿನ ಸಿಕ್ಕರೆ ಹೆಚ್ಚು.

ಜುಲೈನಲ್ಲಿ ವೈದ್ಯರು ಮತ್ತೆ ನೋಡಿದರು. ಗಂಟು ಸಣ್ಣದಾಗಿದೆ, ಆಪರೇಷನ್ ಮಾತು ಸದ್ಯಕ್ಕೆ ಬೇಡ ಅಂದರು.

ಹನ್ನೊಂದು ಮಕ್ಕಳಲ್ಲಿ ಒಂಬತ್ತು ಮಂದಿ ಜೂನ್ ಮುಗಿಯೋ ಹೊತ್ತಿಗೆ ಬಂದರು. ಆ ಹುಡುಗಿ ಕಾರಹುಣ್ಣಿಮೆ ಆಗಿ ಮೂರನೇ ದಿನ ಬಂದಳು. ಬೀರುವಿನಿಂದ ಪುಸ್ತಕ ತೆಗೆದುಕೊಟ್ಟೆ. ಉಳಿದ ಇಬ್ಬರ ಮನೆಗೆ ಇನ್ನೂ ಹೋಗ್ತಿದ್ದೀನಿ, ಫೋನ್ ಹಚ್ತಿದ್ದೀನಿ. ಆ ಕೆಲಸಕ್ಕೂ ದನಿ ಬೇಕು, ಅದಕ್ಕೂ ಸ್ವಲ್ಪ ಉಳಿಸಿ ಇಟ್ಟುಕೊಳ್ಳಬೇಕು.

ಈ ಕಡೆ ಬರೋ ಮನಸ್ಸಿದ್ದರೆ ಮೇನಲ್ಲಿ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೇದು. ಬೆಳಿಗ್ಗೆ ಸಿಂಧನೂರಲ್ಲಿ ಮಂಡಾಳು ಒಗ್ಗರಣಿ, ಮಿರ್ಚಿ ತಿಂದು ಹೊರಡಿ. ಬಿಸಿಲು ಏರೋ ಮೊದಲು ಮಸ್ಕಿಯ ಬಂಡೆ ಮತ್ತು ಬೆಟ್ಟ ನೋಡಿ. ಮಧ್ಯಾಹ್ನ ಲಿಂಗಸುಗೂರಲ್ಲಿ ರೊಟ್ಟಿ ಊಟ, ಸಂಜೆ ಮುದಗಲ್ ಕೋಟೆ. ಒಂದು ದಿನಕ್ಕೆ ಅಷ್ಟು ಸಾಕು. ಇನ್ನೊಂದು ಜಾಗ ಸೇರಿಸಬೇಕು ಅನ್ನಿಸಿದರೆ ಸೇರಿಸಬೇಡಿ. ಕೋಟೆಯ ನೆರಳಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಬನ್ನಿ.