ಗಸಿಯೂ ಒತ್ತರವೂ

ಜೂನ್ 12, ಗುರುವಾರ. ಸಡಾ, ಮುರ್ಮುಗಾಂವ್

ಬೆಳಗಿನಿಂದ ಮಳೆ. ಸಂಜೆಯ ಪಾಠಕ್ಕೆ ಬಂದವರು ಏಳೇ ಮಕ್ಕಳು. ಎಲ್ಲರ ಮನೆಯವರೂ ಗದಗ, ಬಾಗಲಕೋಟೆ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದವರು. ಪ್ರಕ್ಷೇಪ ಎಂದರೇನು ಎಂದು ಕೇಳಿದೆ. (ನಾವು ಓದುವಾಗ ಒತ್ತರ ಎಂದಿತ್ತು, ನನ್ನ ಬಾಯಿಗೆ ಈಗಲೂ ಅದೇ ಬರುತ್ತದೆ.) ಹತ್ತನೆಯ ತರಗತಿಯ ಹುಡುಗ ಅಂಗಳದ ಬಕೆಟ್ ತೋರಿಸಿದ. “ಟೀಚರ್, ತಳಕ್ಕ ಕೆಂಪ ಗಸಿ ಕುಂತೈತಲ್ರೀ, ಅದೂ ಒತ್ತರಾನ ಅಲ್ಲೇನ್ರಿ?”

ಒಳ್ಳೆಯ ಪ್ರಶ್ನೆ. ಅಲ್ಲ ಎಂದಷ್ಟೇ ಹೇಳಿದರೆ ಸಾಲದು, ಕಣ್ಣಾರೆ ತೋರಿಸಬೇಕು.

ಜೂನ್ 14, ಶನಿವಾರ

ಬೈನಾ ದಂಡೆಯ ಸಮುದ್ರದ ನೀರು, ಬಕೆಟ್ಟಿನ ನೀರು, ಸೆಳಾವಳಿ ಅಣೆಕಟ್ಟಿನಿಂದ ಬರುವ ನಲ್ಲಿ ನೀರು. ಮೂರನ್ನೂ ಸೋಸಿದೆವು. ಕೆಂಪು ಮಣ್ಣು ಕಾಗದದ ಮೇಲೆ ಉಳಿಯಿತು. ಅದು ನೀರಿನಲ್ಲಿ ಮೊದಲೇ ಇದ್ದದ್ದು.

ಸೋಸಿದ ಸಮುದ್ರದ ನೀರು ತಿಳಿ, ಸಿಲ್ವರ್ ನೈಟ್ರೇಟ್ ದ್ರಾವಣವೂ ತಿಳಿ. ಪ್ರನಾಳಕ್ಕೆ ಮೊದಲು ಎರಡು ಹನಿ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿಸಿದೆ. ಕಾರ್ಬೊನೇಟ್ ಇದ್ದರೆ ಅದೂ ಒತ್ತರ ಕೊಟ್ಟು ದಾರಿ ತಪ್ಪಿಸುತ್ತದೆ. ಆಮೇಲೆ ಸಿಲ್ವರ್ ನೈಟ್ರೇಟಿನ ಒಂದೇ ಹನಿ. ಬಿದ್ದ ಜಾಗದಲ್ಲೇ ಹಾಲು ಒಡೆದಂತೆ ಬಿಳಿ ಗರಣೆ ಕಟ್ಟಿ ನಿಧಾನ ಇಳಿಯತೊಡಗಿತು. ಯಾರೂ ಮಾತಾಡಲಿಲ್ಲ. ನಲ್ಲಿ ನೀರಿನಲ್ಲಿ ಬರೀ ಮಸುಕು. ತೆರೆದ ಸಮುದ್ರದಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರುತ್ತದೆ. ಮಳೆಗಾಲದ ಜುವಾರಿ ನದೀಮುಖದಲ್ಲಿ ಕಡಿಮೆ, ಆದರೂ ಒತ್ತರಕ್ಕೆ ಅದು ಧಾರಾಳ.

ಹಲಗೆಯ ಮೇಲೆ ಬರೆಸಿದ್ದು ಇಷ್ಟು: ನಾಲ್ಕು ಅಯಾನುಗಳನ್ನು ಬರೆ, ಜೋಡಿ ಬದಲಿಸು, ಹೊಸ ಜೋಡಿಗಳಲ್ಲಿ ನೀರಿಗೆ ಕರಗದ್ದು ಯಾವುದು ನೋಡು. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ, ನೈಟ್ರೇಟ್ ಲವಣಗಳೆಲ್ಲ ಸಾಮಾನ್ಯವಾಗಿ ಕರಗುತ್ತವೆ. ಹಾಗಾಗಿ ಇಲ್ಲಿ ಸಿಲ್ವರ್ ಕ್ಲೋರೈಡೇ ಒತ್ತರ. ಎರಡೂ ಜೋಡಿ ಕರಗುವುದಾದರೆ ಕ್ರಿಯೆಯೇ ಇಲ್ಲ. ಮಕ್ಕಳು ಎಡವುವುದು ಇಲ್ಲೇ. ಸಮೀಕರಣ ಸರಿದೂಗಿಸಿ ಸುಮ್ಮನಾಗುತ್ತಾರೆ, ಕರಗುತ್ತದೆಯೇ ಎಂದು ಕೇಳುವುದೇ ಇಲ್ಲ.

ಜೂನ್ 15, ಭಾನುವಾರ

ಮಳೆ ಬಿಟ್ಟಾಗ ಆಚೆ ದಡದ ದೋನಾ ಪಾವ್ಲಾ ಕಂಡಿತು. 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಈಗ ಇರುವುದು ಅಲ್ಲೇ. ವಿದ್ಯುದ್ವಾಹಕತೆ ಅಳೆಯುವ ಉಪಕರಣ ಬರುವ ಮುಂಚೆ ಜಗತ್ತಿನ ಸಮುದ್ರವಿಜ್ಞಾನಿಗಳು ಉಪ್ಪಿನಂಶ ಲೆಕ್ಕ ಹಾಕುತ್ತಿದ್ದದ್ದು ಇದೇ ಬಿಳಿ ಒತ್ತರದಿಂದ. ಮಕ್ಕಳಿಗೆ ಇದನ್ನು ಹೇಳಲೇಬೇಕು.

ಜೂನ್ 17, ಮಂಗಳವಾರ

ಬೇರಿಯಂ ಕ್ಲೋರೈಡ್ ಹಾಕಿದಾಗಲೂ ಸಮುದ್ರದ ನೀರು ಬೆಳ್ಳಗಾಯಿತು. ಅದು ಸಲ್ಫೇಟಿನ ಗುರುತು; ಆಮ್ಲ ಹಾಕಿದರೂ ಕರಗಲಿಲ್ಲ. ಒಬ್ಬಳು ಹುಡುಗಿ, “ನಮ್ಮ ಆಯಿಗೆ ಎಕ್ಸ್‌ರೇ ಮುಂಚೆ ಸುಣ್ಣದ ನೀರಿನಂಥಾದ್ದು ಕುಡಿಸಿದ್ರಿ” ಎಂದಳು. ಅದು ಬೇರಿಯಂ ಸಲ್ಫೇಟೇ ಇದ್ದೀತು. ಬೇರಿಯಂ ಕ್ಲೋರೈಡ್ ವಿಷ. ಸಲ್ಫೇಟ್ ಹೊಟ್ಟೆಯ ಆಮ್ಲಕ್ಕೂ ಕರಗದ ಕಾರಣ ಮೈಗೆ ಹತ್ತದೆ ಹೊರಬೀಳುತ್ತದೆ. ಕರಗದಿರುವುದಕ್ಕೆ ಇಷ್ಟು ಬೆಲೆ ಇದೆ ಎಂದು ಮಕ್ಕಳಿಗೆ ಮನದಟ್ಟಾಯಿತು.

ಕಿಟಕಿಯಲ್ಲಿಟ್ಟ ಶನಿವಾರದ ಒತ್ತರ ಬೂದು-ನೇರಳೆಗೆ ತಿರುಗಿದೆ. ಬೆಳಕಿಗೆ ಸಿಲ್ವರ್ ಕ್ಲೋರೈಡ್ ಒಡೆದು ಬೆಳ್ಳಿಯ ಸಣ್ಣ ಕಣಗಳಾಗುತ್ತವೆ. ನನ್ನ ತೋರುಬೆರಳಿನ ತುದಿಯಲ್ಲೂ ಅದೇ ಕಪ್ಪು. ಸೋಪಿಗೆ ಹೋಗುತ್ತಿಲ್ಲ. ಮುಂದಿನ ಶನಿವಾರಕ್ಕೆ ಏಳು ಜೊತೆ ಕೈಗವಸು ತರಬೇಕು.