ಹಿಂದಿರುಗುವ ದಾರಿ

2016ರ ಜೂನ್‌ನಲ್ಲಿ ತಂಗಿಯ ಮಗನೊಡನೆ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯನ್ನು ಒಂದೇ ದಿನದಲ್ಲಿ ದಾಟಲು ಹೊರಟೆ. ದಕ್ಷಿಣದ ಅಂಚಿನಿಂದ ಉತ್ತರದ ಅಂಚಿಗೆ ಸುಮಾರು 34 ಕಿಲೋಮೀಟರ್. ಕೊಲೊರಾಡೊ ನದಿಯವರೆಗೆ 1,450 ಮೀಟರ್‌ನಷ್ಟು ಇಳಿದು, ಆಚೆ ಅದಕ್ಕೂ ಹೆಚ್ಚು ಏರಬೇಕು. ನಾವಿಳಿದ ಸೌತ್ ಕೈಬಾಬ್ ಹಾದಿಯಲ್ಲಿ ಕುಡಿಯುವ ನೀರಿಲ್ಲ. ಬೆಟ್ಟದಲ್ಲಿ ದಣಿದವನು ಇಳಿಯುತ್ತಾನೆ. ಕಮರಿಯಲ್ಲಿ ದಣಿದ ಮೇಲೆಯೇ ಏರಬೇಕು.

5 ಕಿಲೋಮೀಟರ್ ಇಳಿಯುವಷ್ಟರಲ್ಲಿ ನನ್ನ ಮೊಣಕಾಲು ಸೋತಿತು. ವರ್ಷವಿಡೀ ಸಿದ್ಧನಾದವನಿಗೆ ಹೇಳುವುದೆಂತು? ಸುಮ್ಮನೆ ನಡೆದೆ.

“ಮಾಮ, ಹಿಂತಿರುಗೋಣ,” ಎಂದು ಅವನೇ ನಿಂತ.

ಮೇಲೇರುವಾಗ ಅವನು ನನ್ನ ಚೀಲವನ್ನೂ ಹೊತ್ತ. ನನ್ನ ಮೌನ ತ್ಯಾಗವಾಗಿರಲಿಲ್ಲ, ಅಹಂಕಾರವಾಗಿತ್ತು. ಇನ್ನಷ್ಟು ಇಳಿದಿದ್ದರೆ ಅದರ ಬೆಲೆಯನ್ನು ಅವನೂ ತೆರಬೇಕಿತ್ತು.

ನಿಮ್ಮ ನೋವನ್ನು ನಿಮ್ಮವರಿಗೆ ಹೇಳಿ. ಹಿಂದಿರುಗಲು ಶಕ್ತಿಯಿರುವಾಗಲೇ ಹೇಳಿ.